ಅಪ್‌ಡೇಟ್: ಪೇಟೆಂಟ್ ಆಕ್ಷೇಪಣೆಯ ಮೇಲ್ಮನವಿ ಯಾರ ಹೆಸರಲ್ಲಿ ಹಾಕಿದೆವು
ಯುರೋಪಿಯನ್ ಪೇಟೆಂಟ್ ಆಫೀಸಿನಲ್ಲಿ ಬೇರೆಯವರ ಪೇಟೆಂಟ್ ವಿರುದ್ಧ ಆಕ್ಷೇಪಣೆ ಹಾಕಿದ ಕಂಪನಿ, ಆ ಪೇಟೆಂಟ್‌ಗೆ ಸಂಬಂಧಿಸಿದ ಉತ್ಪನ್ನದ ವ್ಯವಹಾರವನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಿದೆ, ಈಗ ಮೇಲ್ಮನವಿ ಯಾರು ಹಾಕಬೇಕು ಅಂತ ಕೇಳಿದ್ದೆ. ಕೊನೆಗೂ ಹಾಕಿದೆವು.

ಕೆಲಸಕ್ಕೆ ಬಂದದ್ದು ಜಿ 2/04 (ಆ ಆಫೀಸಿನ ವಿಸ್ತೃತ ಮೇಲ್ಮನವಿ ಮಂಡಳಿಯ ತೀರ್ಪು; ಕೆಳಗಿನ ಜಿ ಸಂಖ್ಯೆಗಳೂ ಅದರವೇ) ನೋಡಿ ಎಂದವರ ಸಲಹೆ. ನಮ್ಮಲ್ಲಿ ವ್ಯವಹಾರದ ಒಂದು ಭಾಗ ಮಾತ್ರ ಹೋಗಿತ್ತು, ಹಾಗಾಗಿ ನಿಜವಾದ ಕಕ್ಷಿದಾರ ಯಾರು ಎಂಬ ಕಾನೂನಿನ ಗೊಂದಲ ಸುಮ್ನೆ ಹುಟ್ಟಿಸಿದ್ದಲ್ಲ. ಅಂಥ ಸಂದರ್ಭದಲ್ಲಿ ಒಬ್ಬರ ಹೆಸರಲ್ಲಿ ಮುಖ್ಯವಾಗಿ, ಇನ್ನೊಬ್ಬರ ಹೆಸರಲ್ಲಿ ಪರ್ಯಾಯವಾಗಿ ಮೇಲ್ಮನವಿ ಹಾಕಬಹುದು. ಹಳೆಯ ಕಂಪನಿಯನ್ನೇ ಮುಂದಿಟ್ಟೆವು, ಯಾಕಂದ್ರೆ ವರ್ಗಾವಣೆಯ ದಾಖಲೆ ಆಫೀಸಿಗೆ ಸಲ್ಲಿಸುವ ತನಕ ಅವರೇ ಕಕ್ಷಿದಾರರು.

'ಹೊಸ ಹೆಸರಲ್ಲಿ ಹಾಕಿ, ಆಮೇಲೆ ಜಿ 1/12 ಹಿಡಿದು ತಿದ್ದಿ' (ಮೇಲ್ಮನವಿಯಲ್ಲಿ ತಪ್ಪಾಗಿ ಬಿದ್ದ ಹೆಸರು ತಿದ್ದುವ ಬಗ್ಗೆ ಇರುವ ತೀರ್ಪು) ಅನ್ನೋ ಸಲಹೆ ನಮಗೆ ಆಗಲಿಲ್ಲ. ಹಾಕುವಾಗ ನಿಜವಾಗಿ ಯಾರ ಹೆಸರು ಉದ್ದೇಶಿಸಿದ್ದೆವೋ ಅದಕ್ಕೆ ಮಾತ್ರ ತಿದ್ದುಪಡಿ ಸಿಗುತ್ತದೆ, ಮನಸ್ಸು ಬದಲಾದ್ರೆ ಅಲ್ಲ.

ಗೊತ್ತಿಲ್ಲದೇ ಇದ್ದದ್ದು ಒಂದಿದೆ, ಇದು ತುಂಬಾ ಮುಖ್ಯ: ಆದೇಶ ತಲುಪಲು ಹತ್ತು ದಿನ ಬೇಕು ಎಂದು ಎಣಿಸುತ್ತಿದ್ದ ಹಳೆಯ ವಿನಾಯಿತಿ 2023ರ ನವೆಂಬರ್ 1ರಿಂದ ಇಲ್ಲ, ಆದೇಶದ ಮೇಲಿರುವ ದಿನಾಂಕದಂದೇ ಅದು ತಲುಪಿತು ಎಂದು ಲೆಕ್ಕ. ಅಲ್ಲಿಂದ 2 ತಿಂಗಳೊಳಗೆ ಮೇಲ್ಮನವಿಯ ನೋಟಿಸ್ ಮತ್ತು ಶುಲ್ಕ, 4 ತಿಂಗಳೊಳಗೆ ಮೇಲ್ಮನವಿಯ ಕಾರಣಗಳು. ಶುಲ್ಕ ತಡವಾದರೆ ಜಿ 1/18ರ ಪ್ರಕಾರ ಮೇಲ್ಮನವಿ ಹಾಕಿಯೇ ಇಲ್ಲ ಅಂತಾಗುತ್ತದೆ. ಶುಲ್ಕ ಮೊದಲು ಕಟ್ಟಿ ಎಂದು ಒತ್ತಿ ಹೇಳಿದವರಿಗೆ ವಿಶೇಷ ಧನ್ಯವಾದ. ಕಾರಣಗಳ ಪತ್ರ ಈಗ ಬರೆಯುತ್ತಿದ್ದೇವೆ.

ಇನ್ನೊಂದು, ಅಂಗಸಂಸ್ಥೆಯ ಹಿತಕ್ಕಾಗಿ ಮಾತೃ ಕಂಪನಿ ಆಕ್ಷೇಪಣೆ ಹಾಕಿದ್ದರೆ, ಅಂಗಸಂಸ್ಥೆಯನ್ನು ಮಾರಿದ ಮಾತ್ರಕ್ಕೆ ಕಕ್ಷಿದಾರನ ಸ್ಥಾನ ಅದರ ಜೊತೆ ಹೋಗಲ್ಲ. ಅದೂ ಜಿ 2/04ರಲ್ಲೇ ಇದೆ.