ಪದಚರ್ಚೆ: ಬೇರಿಂಗಿನ ‘ಎಂಡ್ ಫ್ಲೋಟ್’ಗೆ ಕನ್ನಡದಲ್ಲಿ ಏನನ್ನಬೇಕು? (ಶನಿವಾರದೊಳಗೆ ಬೇಕು)

ಕೇಳಿಕೆ, ಆಕ್ಸ್‌ಫರ್ಡ್ ಹತ್ತಿರದಿಂದ, ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಅವಸರ.

ನನ್ನ ಹತ್ತಿರ 1972ರ ಎಂಜಿಬಿ ಇದೆ. ಇಲ್ಲೇ ಪಕ್ಕದ ಆಬಿಂಗ್ಡನ್‌ನಲ್ಲಿ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮುಂದಿನ ಎಡಗಾಲಿಯ ಬೇರಿಂಗ್ ಹೋಗಿದೆ. ಬಲಕ್ಕೆ ತಿರುಗಿಸಿದಾಗ ಭಾರವೆಲ್ಲ ಎಡಕ್ಕೆ ಬೀಳುತ್ತದಲ್ಲ, ಆಗ ಗೊರ್ ಅನ್ನೋ ಸದ್ದು ಜಾಸ್ತಿ. ಜಾಕ್ ಹಾಕಿ, ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ.

ಊರಿನಿಂದ ಅಪ್ಪ ಬಂದಿದ್ದಾರೆ. ಹಾಸನದ ಕಡೆ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಶನಿವಾರ ತಾವೇ ಬಿಚ್ಚುತ್ತೇನೆ ಅಂದಿದ್ದಾರೆ. ಇಂಗ್ಲಿಷ್ ಓದೋಕೆ ಬರಲ್ಲ. ಅದಕ್ಕೇ ಮ್ಯಾನ್ಯುಯಲ್ಲಿನ ಒಂದೂವರೆ ಪುಟವನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ.

ಅಪ್ಪನಿಗೆ ನಾನು ಬೇರಿಂಗ್ ಕಲಿಸಬೇಕಿಲ್ಲ. ಆದರೆ ಬಸ್ಸಿನ ಅಭ್ಯಾಸ ಇಲ್ಲಿ ನಡೆಯಲ್ಲ. ಅಲ್ಲಿ ನಟ್ ಬಿಗಿದು, ಗಾಲಿ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಪಿನ್ ಹಾಕುತ್ತಾರೆ. ಎಂಜಿಬಿಯಲ್ಲಿ ಒಳಗಿನ ದೊಡ್ಡ ಬೇರಿಂಗಿಗೂ ಹೊರಗಿನ ಚಿಕ್ಕದಕ್ಕೂ ನಡುವೆ ಒಂದು ಸ್ಪೇಸರ್ ಕೊಳವೆ ಇದೆ. ಅದರ ಹೊರತುದಿಗೆ ಶಿಮ್‌ಗಳು, ಅಂದರೆ ತೆಳ್ಳನೆಯ ಲೋಹದ ಬಿಲ್ಲೆಗಳು. ನಟ್ಟನ್ನು 40ರಿಂದ 70 ಪೌಂಡ್-ಅಡಿ ಬಲದಲ್ಲಿ ಬಿಗಿಯಲೇಬೇಕು. ಅಷ್ಟು ಬಿಗಿದ ಮೇಲೂ ಹಬ್ಬು (ಗಾಲಿಯ ನಡುಗುಂಬ) ಅಚ್ಚಿನ ಮೇಲೆ ಹಿಂದೆ ಮುಂದೆ 0.002ರಿಂದ 0.004 ಇಂಚು ಸರಿಯಬೇಕು. ಅಂದರೆ 0.05ರಿಂದ 0.10 ಮಿಲಿಮೀಟರ್. ಈ ಸರಿಯುವ ಅಳತೆಗೇ ಎಂಡ್ ಫ್ಲೋಟ್ ಅನ್ನೋದು.

‘ತುದಿ ತೇಲಿಕೆ’ ಅಂತ ಬರೆದು ಹೊಡೆದುಹಾಕಿದೆ. ‘ಅಕ್ಷೀಯ ಚಲನಾವಕಾಶ’ ಅಂದರೆ ಅಪ್ಪ ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು ತಮಗೆ ತೋಚಿದಂತೆ ಮಾಡುತ್ತಾರೆ. ‘ಸಡಿಲ’ ಹತ್ತಿರ ಬರುತ್ತೆ, ಆದರೆ ಸಡಿಲ ಅಂದ ಕೂಡಲೇ ಕೈ ಬಿಗಿ ಮಾಡೋಕೆ ಹೋಗುತ್ತೆ. ಬೇರಿಂಗ್‌ಗೆ ಪದ ಬೇಡ. ಇದಕ್ಕೆ ಬೇಕು.

ಉತ್ತರ, ಮೈಸೂರಿನಿಂದ

ಅದು ಆಮೇಲಿನ ಮಾತು. ಮೊದಲು ಬೇರಿಂಗನ್ನು ಯಾಕೆ ಹಾಗೇ ಬಿಟ್ಟಿರಿ? ‘ಆನು’ ಅನ್ನುವ ಹಳೆಯ ಧಾತು ನಮ್ಮಲ್ಲೇ ಇದೆ. ಹೊರು, ತಾಳು, ಒರಗು, ಮೂರು ಅರ್ಥವೂ ಅದರಲ್ಲಿದೆ. ‘ಆನಿಕೆ’ ಅಂದರೆ ಆಸರೆ. ಉರುಳೆಯ ಮೇಲೆ ಆನುವುದು ಉರುಳಾನಿಕೆ, ಗುಂಡಿನ ಮೇಲೆ ಆನುವುದು ಗುಂಡಾನಿಕೆ. ತಮಿಳಲ್ಲಿ ‘ತಾಂಗು’ವಿನಿಂದ ‘ತಾಂಗಿ’ ಮಾಡಿಕೊಂಡಿದ್ದಾರೆ. ನಮಗೇನು ಕಡಿಮೆ? ‘ಧಾರಕ’ ಅಂತ ಯಾರೂ ಹೇಳಬೇಡಿ. ಅದು ಇನ್ನೊಂದು ಸಾಲ.

ಉತ್ತರ, ಧಾರವಾಡದಿಂದ

ಸರ್, ಅವರು ಬೇರಿಂಗ್ ಬೇಡ ಅಂತ ಬರೆದೇ ಕೇಳ್ಯಾರ. ಆನಿಕೆ ಚಂದದ ಪದ. ಆದರೆ ಗೋಡೆಗೆ ಕೊಟ್ಟ ಆಸರೆಯೂ ಆನಿಕೆ, ಮುದುಕರ ಕೋಲೂ ಆನಿಕೆ. ನಮ್ಮ ಓಣಿಯ ಹುಡುಗರು ಮೂರು ಹಳೆ ಬೇರಿಂಗ್ ಜೋಡಿಸಿ ಹಲಗೆ ಗಾಡಿ ಮಾಡುತ್ತಿದ್ದರು. ಕಾಂಕ್ರೀಟ್ ಇಳಿಜಾರಿನಲ್ಲಿ ಅದರ ಸದ್ದು ನಾಲ್ಕು ಮನೆ ಆಚೆಗೆ ಕೇಳುತ್ತಿತ್ತು. ಅದಕ್ಕೆ ‘ಬೇರಿಂಗ್ ಗಾಡಿ’ ಅಂತಲೇ ಹೆಸರು. ಅಂಚೆಚೀಟಿ ಹಚ್ಚದೆ ಹಾಕಿದ ಕಾಗದಕ್ಕೂ ನಮ್ಮಜ್ಜ ‘ಬೇರಿಂಗ್ ಕಾಗದ’ ಅಂತಿದ್ದರು. ಎರಡೂ ಇಂಗ್ಲಿಷಿನ ಒಂದೇ ಕ್ರಿಯಾಪದದಿಂದ ಬಂದವು. ಇಷ್ಟು ಒಳಗೆ ಬಂದ ಪದವನ್ನು ಹೊರಗೆ ಹಾಕೋದು ಯಾಕ್ರೀ?

ಎಂಡ್ ಫ್ಲೋಟಿಗೆ ‘ಎಡೆ’ ಆದೀತೇ?

ಉತ್ತರ, ಮೈಸೂರಿನಿಂದ

ಆಗದು. ಎಡೆ ಅಂದರೆ ಜಾಗ. ಇಲ್ಲಿ ಬೇಕಿರುವುದು ಚಲನೆ.

ಹುಡುಗರ ಗಾಡಿಯಿಂದ ನಿಘಂಟು ಬೆಳೆಸುವುದಾದರೆ ಈ ಪದಚರ್ಚೆಯ ಅಂಚೆಪಟ್ಟಿ ಯಾಕೆ ಬೇಕು? ಗಾಲಿ ನಮ್ಮದು, ‘ಕಾಲು’ವಿನ ಬಳಗದ್ದು. ಹಳೆಯ ತಮಿಳಿನಲ್ಲೂ ಕಾಲ್ ಅಂದರೆ ಗಾಲಿ. ಬಂಡಿಯ ಒಂದೊಂದು ಅಂಗಕ್ಕೂ ಹೆಸರಿಟ್ಟ ಜನ ನಾವು. ಅಚ್ಚು, ನೊಗ, ಮೂಕಿ, ಕೀಲು. ಹಚ್ಚುವ ಎಣ್ಣೆಗೂ ಕೀಲೆಣ್ಣೆ ಅಂತ ಬೇರೆ ಹೆಸರಿತ್ತು. ಗ್ರೀಸ್ ಬಂದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವವರೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಉತ್ತರ, ಮಂಗಳೂರಿನಿಂದ

ಅಚ್ಚು ‘ಅಕ್ಷ’ದ ತದ್ಭವ. ನಿಮ್ಮ ಲೆಕ್ಕದಲ್ಲಿ ಅದೂ ಸಾಲವೇ. ಸಾವಿರ ವರ್ಷದ ಹಿಂದಿನ ಸಾಲ ಮನ್ನಾ, ನೂರು ವರ್ಷದ್ದಕ್ಕೆ ಮಾತ್ರ ಜಪ್ತಿಯೇ?

ಉತ್ತರ, ಪೀಣ್ಯದಿಂದ

ನಾನು ಪಟ್ಟಿಯಲ್ಲಿ ಬರೆಯೋದು ಕಡಿಮೆ. ಇಪ್ಪತ್ತೆರಡು ವರ್ಷದಿಂದ ಮೆಷಿನ್ ಶಾಪ್ ನಡೆಸುತ್ತಿದ್ದೇನೆ. ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆದು ನಮ್ಮ ಹುಡುಗರು ಹೇಳೋದು ಒಂದೇ: ‘ಆಟ ಇದೆ ಸಾರ್.’ ‘ಪ್ಲೇ’ ಅಂತಲೂ ಅನ್ನುತ್ತಾರೆ. ಎರಡೂ ಒಂದೇ.

ಆಟಕ್ಕೂ ಸಡಿಲಕ್ಕೂ ವ್ಯತ್ಯಾಸ ಇದೆ. ಸಡಿಲ ಅನ್ನೋದು ದೂರು. ಆಟ ಅನ್ನೋದು ಅಳತೆ. ‘ಆಟ ಜಾಸ್ತಿಯಾಯ್ತು’ ಅನ್ನಬಹುದು, ‘ಆಟವೇ ಇಲ್ಲ, ಹಿಡೀತಿದೆ’ ಅಂತಲೂ ಅನ್ನಬಹುದು. ‘ಎರಡು ಪಾಯಿಂಟ್ ಆಟ ಬಿಡು’ ಅಂದರೆ ಹುಡುಗ ಬಿಡುತ್ತಾನೆ. ‘ಎರಡು ಪಾಯಿಂಟ್ ಸಡಿಲ ಬಿಡು’ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಮೊನಚು ಉರುಳೆಯ ಬೇರಿಂಗಿಗೆ ಆಟ ಬಿಡದೆ ಬಿಗಿದರೆ ಏನಾಗುತ್ತೆ ಅಂತ ಬಿಚ್ಚಿದವರಿಗೆ ಗೊತ್ತು. ರೇಸು, ಅಂದರೆ ಉರುಳೆ ಓಡೋ ಉಕ್ಕಿನ ಬಳೆ, ಸುಟ್ಟು ನೀಲಿಯಾಗಿರುತ್ತೆ, ಗ್ರೀಸು ಕರಿ ಹಿಟ್ಟಾಗಿರುತ್ತೆ. ಹಾಗಾಗಿ ಈ ಆಟ ಇರಲೇಬೇಕು. ತಪ್ಪು ಅನ್ನಿಸೋ ಪದ ಇಲ್ಲಿ ಹಾಕಲೇಬಾರದು.

ಇನ್ನೊಂದು. ಶಿಮ್‌ಗೆ ‘ಪ್ಯಾಕಿಂಗ್’ ಅಂತ ಮಾತ್ರ ಬರೆಯಬೇಡಿ. ನಮ್ಮ ಕಡೆ ಪ್ಯಾಕಿಂಗ್ ಕೊಡೋದು ಅಂದರೆ ಸಂದು ತುಂಬಿ ಬಿಗಿ ಮಾಡೋದು. ನೀವು ಹೇಳಿದ ಜೋಡಣೆಯಲ್ಲಿ ತದ್ವಿರುದ್ಧ. ಶಿಮ್ ಸೇರಿಸಿದಷ್ಟೂ ಎರಡು ಒಳರೇಸುಗಳು ದೂರ ಆಗುತ್ತವೆ, ಆಟ ಹೆಚ್ಚುತ್ತೆ. ತೆಗೆದರೆ ಕಮ್ಮಿಯಾಗುತ್ತೆ. ‘ತೆಳುಬಿಲ್ಲೆ’ ಅನ್ನಿ. ಸ್ಪ್ಲಿಟ್ ಪಿನ್ನಿಗೆ ನಮ್ಮ ತಾತ ಎತ್ತಿನಗಾಡಿಯ ‘ಕಡಾಣಿ’ ಅಂತಿದ್ದರು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಚುಚ್ಚೋದೇ ಅಲ್ವಾ ಎರಡೂ?

ಮತ್ತೆ, ಮನೆಯಲ್ಲೇ ಮೂವತ್ತು ವರ್ಷದ ಮೆಕ್ಯಾನಿಕ್ ಇರುವಾಗ ನಮ್ಮನ್ನು ಯಾಕೆ ಕೇಳುತ್ತೀರಿ? ಅವರನ್ನೇ ಕೇಳಿ.

ಉತ್ತರ, ಮೈಸೂರಿನಿಂದ

ಕಡಾಣಿಯನ್ನು ಒಪ್ಪಿದೆ. ದಾಸಿಮಯ್ಯನ ವಚನದಲ್ಲಿ ‘ಕಡೆಗೀಲು’ ಬರುತ್ತದೆ, ಬಂಡಿಗೆ ಅದೇ ಆಧಾರ ಅಂತ. ಎರಡರಲ್ಲೂ ಮೊದಲ ಪದ ‘ಕಡೆ’ಯೇ. ‘ಆಟ’ವನ್ನೂ ಒಪ್ಪಬಹುದು, ‘ಆಡು’ ಧಾತುವಿಗೆ ಅಲ್ಲಾಡು, ಚಲಿಸು ಅನ್ನುವ ಅರ್ಥ ಮೊದಲಿಂದ ಇದೆ. ಕದ ಆಡುತ್ತದೆ, ಹಲ್ಲು ಆಡುತ್ತದೆ, ಉಸಿರಾಡುತ್ತದೆ. ‘ಪ್ಲೇ’ಯ ಅನುವಾದ ಅಂತ ಯಾರೂ ಮೂಗು ಮುರಿಯಬೇಕಿಲ್ಲ.

ಆನಿಕೆಯನ್ನು ನಾನು ಬಿಡುವುದಿಲ್ಲ. ಅದಕ್ಕೆ ಬೇರೆ ಚರ್ಚೆಯನ್ನೇ ತೆರೆಯುತ್ತೇನೆ.

ಉತ್ತರ, ಧಾರವಾಡದಿಂದ

ತೆರೀರಿ. ನಾನೂ ಬರ್ತೀನಿ.

ಕೇಳಿದವರಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಪೀಣ್ಯದವರು ಹೇಳಿದ್ದು ಸರಿ, ಅಪ್ಪನನ್ನೇ ಮೊದಲು ಕೇಳಬೇಕಿತ್ತು. ಬರೆಯೋ ಕನ್ನಡ ಬೇರೆ, ಡಿಪೋದ ಕನ್ನಡ ಬೇರೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಊಟ ಆದ ಮೇಲೆ ಹಾಳೆ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಆಟ’ದಲ್ಲಿ ನಿಲ್ಲಲೇ ಇಲ್ಲ. ‘ತೆಳುಬಿಲ್ಲೆ’ಯನ್ನು ಪೆನ್ಸಿಲಿನಲ್ಲಿ ಹೊಡೆದು ‘ಶಿಮ್ಮು’ ಅಂತ ಬರೆದರು. ‘ಕಡಾಣಿ’ ನೋಡಿ ನಕ್ಕು, ಹಾಗೇ ಬಿಟ್ಟರು. ಅವರು ನಿಂತದ್ದು ಒಂದೇ ಕಡೆ: ಶಿಮ್ ಹೆಚ್ಚಾದರೆ ಆಟ ಹೆಚ್ಚು ಅನ್ನೋ ಸಾಲಿನಲ್ಲಿ. ಎರಡು ಲೋಟ ತರಿಸಿ, ನಡುವೆ ಬೆಂಕಿಪೊಟ್ಟಣ ಇಟ್ಟು ದೂರ ಮಾಡಿ ನೋಡಿದರು. ಆಮೇಲೆ ‘ಹೌದು, ಸರಿ ಇದೆ’ ಅಂದರು.

ಆ ಭಾಗ ಈಗ ಹೀಗಿದೆ:

‘ಮೊದಲು ಶಿಮ್ಮು ಹಾಕದೆ ಜೋಡಿಸಿ, ಗಾಲಿ ತಿರುಗಿಸುತ್ತಾ ಹಿಡಿಯುವ ತನಕ ನಟ್ ಬಿಗಿಯಿರಿ. ಹೊರರೇಸು ಜಾಗಕ್ಕೆ ಕೂರುತ್ತದೆ. ಬಿಚ್ಚಿ, ಆಟ ಜಾಸ್ತಿ ಬರುವಷ್ಟು ಶಿಮ್ಮು ಹಾಕಿ. ನಟ್ ಪೂರ್ತಿ ಬಿಗಿದು, ಡಯಲ್ ಗೇಜ್ ಇಟ್ಟು ಆಟ ನೋಡಿ. ಹೆಚ್ಚಿದ್ದಷ್ಟು ಶಿಮ್ಮು ತೆಗೆಯಿರಿ. ಆಟ 0.05ಕ್ಕಿಂತ ಕಮ್ಮಿ ಆಗಬಾರದು, 0.10 ದಾಟಬಾರದು. ನಟ್ಟನ್ನು ಹಿಂದಕ್ಕೆ ಬಿಟ್ಟು ಆಟ ಕೊಡಬೇಡಿ. ಕೊನೆಗೆ ಹೊಸ ಕಡಾಣಿ.’

‘ಹಿಂದಕ್ಕೆ ಬಿಟ್ಟು’ ಅನ್ನೋದರ ಕೆಳಗೆ ಅಪ್ಪನೇ ಎರಡು ಗೆರೆ ಎಳೆದಿದ್ದಾರೆ.