ಪದಚರ್ಚೆ: ಕಂಪ್ಯೂಟರ್ ಕ್ಯಾಬಿನೆಟ್, ಅದರೊಳಗಿನ ಖಾನೆ, ಮತ್ತೆ ‘ಕಾಂಪ್ಯಾಕ್ಟ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ,

ಮನೇಲೇ ಒಂದು ಸಣ್ಣ ಸ್ಟೋರೇಜ್ ಸರ್ವರ್ ಕಟ್ಟಿ ಫೋಟೋ, ವಿಡಿಯೋ, ಕಾಗದಪತ್ರದ ಸ್ಕ್ಯಾನು ಎಲ್ಲಾ ಅದರಲ್ಲಿ ಇಟ್ಕೊಳ್ಳೋದು ಹೇಗೆ ಅಂತ ಕನ್ನಡದಲ್ಲಿ ಒಂದು ಉದ್ದನೆ ಬರಹ ಬರೀತಿದೀನಿ. ಪ್ರೊಸೆಸರ್, ಮೆಮೊರಿ, ಸಾಫ್ಟ್‌ವೇರ್ ಭಾಗ ಸಲೀಸಾಗಿ ಬಂತು, ಅಲ್ಲೆಲ್ಲ ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪೀಲಿ ಬರೆದ್ರೆ ಯಾರಿಗೂ ತೊಂದ್ರೆ ಇಲ್ಲ. ಆದ್ರೆ ಇದನ್ನೆಲ್ಲ ಯಾವ ಡಬ್ಬದಲ್ಲಿ ಕೂರಿಸೋದು ಅನ್ನೋ ಭಾಗಕ್ಕೆ ಬಂದಾಗ ಪದಗಳು ಕೈಕೊಡ್ತಿವೆ. ಅದು ಓದುಗರು ಟೇಪು ಹಿಡಿದು ಅಳೆದು, ದುಡ್ಡು ಕೊಟ್ಟು ಮನೆಗೆ ತರೋ ಸಾಮಾನಿನ ಮಾತು, ಪದ ಹಿಂದೆಮುಂದೆ ಆದ್ರೆ ಹೊಂದದೇ ಇರೋ ಸಾಮಾನು ಮನೆಗೆ ಬಂದು ಕೂರತ್ತೆ. ಅದಕ್ಕೇ ನಿಮ್ಮನ್ನೆಲ್ಲ ಕೇಳ್ತಿದೀನಿ.

ಮೊದಲು ಡಬ್ಬದ ಹೆಸರೇ ನೋಡಿ. ‘ಕೇಸ್’ ಅಂತ ಬರೆಯೋ ಹಾಗಿಲ್ಲ, ಕನ್ನಡದಲ್ಲಿ ಕೇಸು ಅಂದ್ರೆ ಪೊಲೀಸ್ ಸ್ಟೇಷನ್ನು, ಕೋರ್ಟು. ಮನೆಗಳಲ್ಲಿ, ಶಾಲೆಗಳಲ್ಲಿ ಇಡೀ ಡಬ್ಬವನ್ನೇ ‘ಸಿಪಿಯು’ ಅಂತಾರೆ, ಹಾಗಾಗಿ ಚಿಪ್ಪಿನ ಬಗ್ಗೆ ಹೇಳುವಾಗ ನಾನು ಸಿಪಿಯು ಅನ್ನೋ ಪದವನ್ನೇ ಬಿಟ್ಟು ಎಲ್ಲಾ ಕಡೆ ಪ್ರೊಸೆಸರ್ ಅಂತಲೇ ಬರೆದಿದೀನಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಯಾವ ಅಂಗಡಿಗೆ ಹೋದ್ರೂ ಅವರ ಬಾಯಲ್ಲಿ ಬರೋದು ‘ಕ್ಯಾಬಿನೆಟ್’, ಪವರ್ ಸಪ್ಲೈಗೆ ‘ಎಸ್‌ಎಂಪಿಎಸ್’. ಅಂಗಡೀಲಿ ಕೇಳಿದ ತಕ್ಷಣ ಸಿಗೋ ಹೆಸರು ಇದೇ ಆದ್ದರಿಂದ ಬರಹದಲ್ಲೂ ಇದನ್ನೇ ಇಡೋಣ ಅನ್ನೋದು ನನ್ನ ಅಭಿಪ್ರಾಯ, ‘ಗಣಕಪೆಟ್ಟಿಗೆ’ ಅಂತ ಬರೆದ್ರೆ ಅರ್ಥವೇನೋ ಆಗತ್ತೆ ಆದ್ರೆ ಅಂಗಡೀಲಿ ಆ ಹೆಸರು ನಡೆಯಲ್ಲ. ಇಷ್ಟಾದ್ರೂ ಒಂದು ವಿಷಯ ಇಲ್ಲಿ ಹೇಳಲೇಬೇಕು ಅನಿಸ್ತು, ಮಂತ್ರಿಗಳ ಕ್ಯಾಬಿನೆಟ್ಟಿಗೆ ನಾವು ಸಚಿವ ಸಂಪುಟ ಅಂತೀವಲ್ಲ, ಆ ಸಂಪುಟಕ್ಕೆ ಸಂಸ್ಕೃತದಲ್ಲಿ ಮುಚ್ಚಳ ಇರೋ ಪೆಟ್ಟಿಗೆ, ಕರಡಿಗೆ ಅನ್ನೋ ಅರ್ಥವೇ ಇದೆ. ಅಂದ್ರೆ ಪೆಟ್ಟಿಗೆಗೂ ಮಂತ್ರಿಮಂಡಲಕ್ಕೂ ಒಂದೇ ಪದ ಅನ್ನೋದು ಇಂಗ್ಲಿಷಲ್ಲಿ ಮಾತ್ರ ಅಲ್ಲ. ಹಾಗಂತ ಕಂಪ್ಯೂಟರ್ ಸಂಪುಟ ಅಂತ ಬರೆದ್ರೆ ಓದುಗರು ಪುಸ್ತಕದ ಸಂಪುಟ ಅಂದ್ಕೋತಾರೆ, ಅದು ಬೇಡ.

ನನಗೆ ನಿಜವಾಗ್ಲೂ ಕಷ್ಟ ಆಗಿರೋದು ‘ಕಾಂಪ್ಯಾಕ್ಟ್’. ಚಿಕ್ಕದು, ಪುಟ್ಟದು, ಸಣ್ಣದು ಅಂತ ಬರೆದು ಮುಂದೆ ಹೋಗಬಹುದಿತ್ತು, ಆದ್ರೆ ಸ್ಟೋರೇಜ್ ಸರ್ವರ್ ವಿಷಯದಲ್ಲಿ ಚಿಕ್ಕದು ಬೇರೆ, ಕಾಂಪ್ಯಾಕ್ಟ್ ಬೇರೆ. ಅಂಗೈ ಮೇಲೆ ಕೂರೋ ಮಿನಿ ಪಿಸಿ ಚಿಕ್ಕದು ನಿಜ, ಆದ್ರೆ ಅದರೊಳಗೆ ಒಂದು ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕೂ ಹಿಡಿಯಲ್ಲ. ಡಿಸ್ಕುಗಳನ್ನ ಹೊರಗಡೆ ಯುಎಸ್‌ಬಿ ಡಬ್ಬದಲ್ಲಿ ಇಟ್ಟು ವೈರು ಎಳೆದ್ರೆ ಒಟ್ಟು ಜಾಗ ಇನ್ನೂ ಜಾಸ್ತಿ ಆಗತ್ತೆ. ನಮಗೆ ಬೇಕಿರೋದು ಹೊರಗಿಂದ ಕಡಿಮೆ ಜಾಗ ತಗೊಂಡು ಒಳಗೆ ಹೆಚ್ಚು ಹಿಡಿಸೋ ಗುಣ.

ಲೆಕ್ಕ ಹಾಕಿ ನೋಡಿದ್ರೆ ಇದು ಚೆನ್ನಾಗಿ ಗೊತ್ತಾಗತ್ತೆ. ಒಂದು ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕು 147 ಮಿ.ಮೀ. ಉದ್ದ, 101.6 ಅಗಲ, 26.1 ದಪ್ಪ, ಗುಣಿಸಿದ್ರೆ ಸುಮಾರು 0.39 ಲೀಟರ್. ಆರು ಡಿಸ್ಕು ಸೇರಿದ್ರೂ ಎರಡೂವರೆ ಲೀಟರ್ ಮುಟ್ಟಲ್ಲ. ಆದ್ರೆ ಆರು ಡಿಸ್ಕ್ ಹಿಡಿಸೋ, ಫ್ರಾಕ್ಟಲ್ ಡಿಸೈನ್ ಕಂಪನಿಯ ನೋಡ್ 304 ಕ್ಯಾಬಿನೆಟ್ಟು 250 x 210 x 374 ಮಿ.ಮೀ., ಹತ್ತಿರ ಹತ್ತಿರ 20 ಲೀಟರ್. ಉಳಿದದ್ದೆಲ್ಲ ಮದರ್‌ಬೋರ್ಡಿಗೆ, ಎಸ್‌ಎಂಪಿಎಸ್‌ಗೆ, ವೈರಿಗೆ, ಗಾಳಿಗೆ. ಅದೇ ಕಂಪನಿಯ ನೋಡ್ 804 ಹತ್ತು ದೊಡ್ಡ ಡಿಸ್ಕ್ ಹಿಡಿಸತ್ತೆ ಆದ್ರೆ 41 ಲೀಟರ್, ಡಿಸ್ಕಿಗೆ ನಾಲ್ಕು ಲೀಟರ್ ಲೆಕ್ಕ. ಜಾನ್ಸ್‌ಬೊ ಕಂಪನಿಯ ಎನ್3 ಎಂಟು ಡಿಸ್ಕನ್ನ 18 ಲೀಟರಲ್ಲಿ ಕೂರಿಸತ್ತೆ, ಡಿಸ್ಕಿಗೆ ಎರಡೂಕಾಲು ಲೀಟರ್ ಆಸುಪಾಸು. ಅದರ ತಮ್ಮ ಎನ್2 ಇದೆಯಲ್ಲ, ಐದು ಡಿಸ್ಕಿನದು, ಎಲ್ಲಾ ಕಡೆಯಿಂದಲೂ ಒಂದೊಂದು ಗೇಣು, ಅಷ್ಟೆ, 11 ಲೀಟರ್. ಬರಹದಲ್ಲಿ ‘ಡಿಸ್ಕಿಗೆ ಎಷ್ಟು ಲೀಟರ್’ ಅನ್ನೋ ಅಳತೆಯನ್ನೇ ಮುಂದಿಟ್ಟಿದೀನಿ, ಕೊಳ್ಳೋರಿಗೆ ಇದಕ್ಕಿಂತ ಒಳ್ಳೆ ಅಳತೆ ಇಲ್ಲ ಅನ್ನೋದು ನನ್ನ ಖಚಿತ ನಂಬಿಕೆ.

ಈ ಗುಣಕ್ಕೆ ‘ಅಡಕ’ ಅನ್ನೋ ಪದ ಸರಿಹೋಗತ್ತೆ ಅಂತ ನನಗನಿಸ್ತಿದೆ. ಅಡಕವಾಗಿ ಹೇಳು ಅಂದ್ರೆ ಚಿಕ್ಕದಾಗಿ ಹೇಳು, ಅದರಲ್ಲಿ ಇದು ಅಡಕವಾಗಿದೆ ಅಂದ್ರೆ ಒಳಗೆ ಸೇರಿಕೊಂಡಿದೆ, ಎರಡೂ ಅರ್ಥ ಒಂದೇ ಪದದಲ್ಲಿ. ಹಳ್ಳಿ ಮನೆಗಳಲ್ಲಿ ಗಡಿಗೆ ಮೇಲೆ ಗಡಿಗೆ ಇಟ್ಟಿರೋ ಅಡಕಲು ನೋಡಿರೋರಿಗೆ, ನಿಂತಷ್ಟೇ ಜಾಗದಲ್ಲಿ ಇಡೀ ಮನೆಯ ಕಾಳು ಹಿಡಿಸೋ ಆ ಉಪಾಯವೇ ಇಲ್ಲಿ ಡಿಸ್ಕುಗಳಿಗೂ ಅಂತ ತಟ್ಟನೆ ಹೊಳೆಯತ್ತೆ. ಸಿಡಿಗೆ ಅಡಕಮುದ್ರಿಕೆ ಅಂತ ಬಳಸಿದ್ದು ನಿಮಗೆಲ್ಲ ನೆನಪಿರಬೇಕು, ಸಾಂದ್ರಮುದ್ರಿಕೆ ಅಂತಾನೂ ಬರೀತಿದ್ರು. ‘ಸಾಂದ್ರ’ ನನಗೆ ಇಲ್ಲಿ ಬೇಡ, ಅದು ದಟ್ಟ ಅನ್ನೋ ಕಡೆ ಎಳೀತದೆ, ಭಾರದ ನೆನಪು ತರತ್ತೆ. ‘ಅಡಕ ಕ್ಯಾಬಿನೆಟ್’ ಅಂತ ಬರೆದ್ರೆ ನಿಮಗೆ ಓದೋಕೆ ಹೇಗನಿಸತ್ತೆ? ಅಥವಾ ‘ಒತ್ತಾದ ಕ್ಯಾಬಿನೆಟ್’?

ಇದರ ಜೊತೆಗೇ ‘ಗಾತ್ರ’ದ ಸಮಸ್ಯೆ. ಮಾತಲ್ಲಿ ಗಾತ್ರ ಅಂದ್ರೆ ಸೈಜು, ಶಾಲೆ ವಿಜ್ಞಾನದಲ್ಲಿ ಗಾತ್ರ ಅಂದ್ರೆ ಲೀಟರಲ್ಲಿ ಅಳೆಯೋದು, ಗಣಿತದಲ್ಲಿ ಅದಕ್ಕೇ ಘನಫಲ. ‘ಈ ಕ್ಯಾಬಿನೆಟ್ಟಿನ ಗಾತ್ರ ಎಷ್ಟು’ ಅಂದ್ರೆ ಒಬ್ಬರು ಉದ್ದಗಲ ಹೇಳ್ತಾರೆ ಇನ್ನೊಬ್ಬರು ಲೀಟರ್ ಹೇಳ್ತಾರೆ. ನಾನು ಉದ್ದ ಅಗಲ ಎತ್ತರಕ್ಕೆ ‘ಅಳತೆ’, ಲೀಟರಿಗೆ ‘ಘನಫಲ’ ಅಂತ ಬೇರೆ ಬೇರೆ ಮಾಡಿದೀನಿ.

ಮುಂದಿನದು ಡಿಸ್ಕ್ ಕೂರೋ ಜಾಗ, ಇಂಗ್ಲಿಷಿನ ಡ್ರೈವ್ ಬೇ. ‘ಖಾನೆ’ ಅಂತ ಬರೆಯೋಣ ಅಂದ್ಕೊಂಡೆ, ಮೇಜಿನ ಖಾನೆ, ಬೀರುವಿನ ಖಾನೆ ಎಲ್ರಿಗೂ ಗೊತ್ತು. ಎನ್3 ತರದ ಕ್ಯಾಬಿನೆಟ್ಟಿಗೆ ಅದು ಸೊಗಸಾಗಿ ಒಪ್ಪತ್ತೆ, ಮುಂದಿನ ಮುಚ್ಚಳ ತೆಗೆದ್ರೆ ಕೆಳಭಾಗದಲ್ಲಿ ಎಂಟು ಸೀಳು, ಡಿಸ್ಕಿನ ಬದಿಗೆ ಸ್ಕ್ರೂ, ತುದಿಗೆ ಎಳೆಯೋಕೆ ಒಂದು ರಬ್ಬರ್ ಹಿಡಿ, ತಳ್ಳಿದ್ರೆ ಒಳಗೆ ಹೋಗಿ ಕಚ್ಚಿಕೊಳ್ಳತ್ತೆ. ಆದ್ರೆ ನೋಡ್ 304ರಲ್ಲಿ ಖಾನೆಯೇ ಇಲ್ಲ. ಅಲ್ಲಿ ಮೂರು ಬ್ರಾಕೆಟ್ಟು, ಒಂದೊಂದಕ್ಕೆ ಎರಡೆರಡು ಡಿಸ್ಕನ್ನ ಸ್ಕ್ರೂ ಹಾಕಿ ಬಿಗಿದು ಮೇಲಿನ ಅಡ್ಡಪಟ್ಟಿಗೆ ತೂಗಿಬಿಡೋದು, ಮುಂದಿನ ಎರಡು 92 ಮಿ.ಮೀ. ಫ್ಯಾನಿನ ಗಾಳಿ ಅವುಗಳ ಮಧ್ಯೆ ಹಾಯ್ದು ಹೋಗತ್ತೆ. ಒಂದು ಡಿಸ್ಕ್ ಕೆಟ್ರೆ ಮುಚ್ಚಳ ತೆಗೆದು, ವೈರು ಬಿಚ್ಚಿ, ಬ್ರಾಕೆಟ್ ಹೊರಗೆ ತೆಗೀಬೇಕು. ಎರಡಕ್ಕೂ ‘ಆರು ಖಾನೆ’, ‘ಎಂಟು ಖಾನೆ’ ಅಂತ ಬರೆದ್ರೆ ಓದುಗರಿಗೆ ಈ ವ್ಯತ್ಯಾಸ ಮುಚ್ಚಿಹೋಗತ್ತೆ, ಡಿಸ್ಕ್ ಕೆಟ್ಟ ದಿನ ಗೊತ್ತಾಗತ್ತೆ. ‘ತಳ್ಳುಖಾನೆ’ ಮತ್ತೆ ‘ತೂಗುಪಟ್ಟಿ’ ಅಂತ ಎರಡು ಪದ ಮಾಡಿದೀನಿ, ಇದಕ್ಕಿಂತ ಸಹಜವಾದದ್ದು ಇದ್ರೆ ದಯವಿಟ್ಟು ಹೇಳಿ.

ಖಾನೆಯ ಹಿಂದೆ ಡಿಸ್ಕುಗಳ ಕನೆಕ್ಟರೆಲ್ಲ ಬೆಸೆದಿರೋ ಸರ್ಕ್ಯೂಟ್ ಬೋರ್ಡ್ ಇರತ್ತಲ್ಲ, ಬ್ಯಾಕ್‌ಪ್ಲೇನು, ಅದಕ್ಕೆ ‘ಬೆನ್ನುಹಲಗೆ’ ಅಂತ ಬರೆದೆ, ಇದು ನನಗೆ ತುಂಬಾ ಇಷ್ಟ ಆಗಿದೆ, ಯಾರೂ ಬೇಡ ಅನ್ನಲ್ಲ ಅಂದ್ಕೋತೀನಿ. ಆದ್ರೆ ‘ಹಾಟ್ ಸ್ವಾಪ್’ ಹೊಂದ್ತಿಲ್ಲ. ಬಿಸಿ ಬದಲಿ ಅಂತ ಬರೆದ್ರೆ ಡಿಸ್ಕ್ ಬಿಸಿ ಆಗಿರುವಾಗ ತೆಗೆಯೋದು ಅಂತ ಓದ್ಕೋತಾರೆ, ಕೈ ಸುಡತ್ತೇನೋ ಅಂತ ಹೆದರೋರೂ ಇದಾರೆ. ವಿಷಯ ಏನಂದ್ರೆ ಮಷೀನು ಆಫ್ ಮಾಡದೇ ಡಿಸ್ಕ್ ತೆಗೆದು ಬೇರೆ ಹಾಕೋದು, ಅದಕ್ಕೆ ‘ಚಾಲೂ ಬದಲಿ’ ಅನ್ನಬಹುದಾ? ಇಲ್ಲೊಂದು ಎಚ್ಚರಿಕೆ ಮಾತೂ ಬರಹದಲ್ಲಿ ಸೇರಿಸಬೇಕಿದೆ, ಬೆನ್ನುಹಲಗೆ ಇದ್ದ ಮಾತ್ರಕ್ಕೆ ಚಾಲೂ ಬದಲಿ ಆಗಲ್ಲ, ಮದರ್‌ಬೋರ್ಡಿನ ಸಾಟಾ (ಡಿಸ್ಕುಗಳನ್ನ ಬೋರ್ಡಿಗೆ ಜೋಡಿಸೋ ಸಂಪರ್ಕ) ಕಂಟ್ರೋಲರು ಒಪ್ಪಬೇಕು, ಬಯಾಸಲ್ಲಿ, ಅಂದ್ರೆ ಮಷೀನು ಶುರುವಾಗುವಾಗ ತೆರೆಯೋ ಬೋರ್ಡಿನ ಸೆಟ್ಟಿಂಗಲ್ಲಿ, ಹಾಟ್ ಪ್ಲಗ್ ಆನ್ ಆಗಿರಬೇಕು. ‘ಬಯಾಸಲ್ಲಿ ಹಾಟ್ ಪ್ಲಗ್’ ಅನ್ನೋ ಕಡೆ ಸ್ಕ್ರೀನಲ್ಲಿ ಕಾಣೋ ಪದವನ್ನೇ ಇಡಬೇಕು, ಇಲ್ಲಾಂದ್ರೆ ಹುಡುಕೋದು ಹೇಗೆ.

ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕಿಗೆ ಇರೋ ‘ಮೂರೂವರೆ ಇಂಚಿನ ಡಿಸ್ಕು’ ಅನ್ನೋ ಹೆಸರಿನ ಬಗ್ಗೆಯೂ ಕೇಳಬೇಕು. ಟೇಪ್ ಹಿಡಿದ್ರೆ ಡಿಸ್ಕಿನ ಅಗಲ ಸರಿಯಾಗಿ ನಾಲ್ಕು ಇಂಚು, ಮೂರೂವರೆ ಎಲ್ಲೂ ಸಿಗಲ್ಲ. ಆ ಹೆಸರು ಫ್ಲಾಪಿಯದು, 90 ಮಿ.ಮೀ. ಅಗಲದ ಮೂರೂವರೆ ಇಂಚು ಫ್ಲಾಪಿಯ ಡ್ರೈವ್ ಕೂರೋ ಜಾಗದಲ್ಲೇ ಹಾರ್ಡ್ ಡಿಸ್ಕೂ ಕೂರಲಿ ಅಂತ ಅದೇ ಅಳತೇಲಿ ಮಾಡಿದ್ರು, ಮೊದಲನೆಯದು 1983ರಲ್ಲಿ ರೋಡೈಮ್ ಕಂಪನಿಯದು. ಫ್ಲಾಪಿ ಹೋಯ್ತು, ಹೆಸರು ಉಳೀತು. ಅಂಗಡಿಗಳಲ್ಲಿ ‘ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್’, ‘ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್’ ಅಂತಾರೆ, ನನಗೆ ಅದೇ ವಾಸಿ ಅನಿಸತ್ತೆ. ಕ್ಯಾಬಿನೆಟ್ಟಿನ ಪಟ್ಟಿಗಳಲ್ಲಿ ಮಾತ್ರ 3.5, 2.5 ಅಂತಲೇ ಇರೋದ್ರಿಂದ ಮೊದಲ ಸಲ ಬಂದಾಗ ಎರಡನ್ನೂ ಒಟ್ಟಿಗೆ ಕೊಟ್ಟು ಆಮೇಲೆ ಅಂಗಡಿಯ ಹೆಸರು ಬಳಸ್ತೀನಿ.

‘ಎಸ್‌ಎಂಪಿಎಸ್’ ಒಂದೇ ಪದ ಸಾಕಾಗದ ಜಾಗವೂ ಇದೆ. ಮಾಮೂಲಿ ಎಟಿಎಕ್ಸ್ ಸಪ್ಲೈ 150 ಮಿ.ಮೀ. ಅಗಲ 86 ಎತ್ತರ, ಚಿಕ್ಕ ಎಸ್‌ಎಫ್‌ಎಕ್ಸ್ 125 ಅಗಲ 63.5 ಎತ್ತರ 100 ಉದ್ದ. ನೋಡ್ 304ಗೆ ಮಾಮೂಲಿಯದು ಹಿಡಿಯತ್ತೆ, ಎನ್2, ಎನ್3ಗೆ ಚಿಕ್ಕದೇ ಬೇಕು, ಅದು ಎಲ್ಲಾ ಅಂಗಡೀಲೂ ಇರಲ್ಲ, ರೇಟೂ ಜಾಸ್ತಿ. ಬೋರ್ಡಿನ ಕಡೆಯೂ ಹೀಗೇ, ಮಿನಿ ಐಟಿಎಕ್ಸ್ ಅಂದ್ರೆ 170 ಮಿ.ಮೀ. ಚೌಕ, 2001ರಲ್ಲಿ ವಿಯಾ ಕಂಪನಿ ತಂದದ್ದು, ಅದರಲ್ಲಿ ಬಹಳ ಸಲ ನಾಲ್ಕೇ ಸಾಟಾ ಪೋರ್ಟ್ ಇರತ್ತೆ, ಎಂಟು ಖಾನೆ ತುಂಬಿಸೋಕೆ ಪೋರ್ಟ್ ಹೆಚ್ಚಿಸೋ ಒಂದು ಕಾರ್ಡ್ ಬೇಕೇಬೇಕು, ಆ ಕಾರ್ಡಿಗೂ ಕ್ಯಾಬಿನೆಟ್ಟಲ್ಲಿ ಜಾಗ ಇರಬೇಕು. ಹೀಗೆ ಒಂದಕ್ಕೊಂದು ಕೂಡಿಬರೋದಕ್ಕೆ ‘ಹೊಂದಾಣಿಕೆ’ ಅಂತ ಎಲ್ರೂ ಬರೀತಾರೆ, ನನಗೆ ಅದು ಮನುಷ್ಯರ ನಡುವಿನ ರಾಜಿ ತರ ಕೇಳಿಸತ್ತೆ, ‘ಹಿಡಿಯತ್ತೆ, ಹಿಡಿಯಲ್ಲ’ ಅನ್ನೋದೇ ನೇರ.

ಕೊನೇದಾಗಿ ಶಾಖ ಮತ್ತೆ ಸದ್ದು. ಅಡಕ ಮಾಡಿದಷ್ಟೂ ಡಿಸ್ಕುಗಳ ಮಧ್ಯೆ ಸಂದು ಕಮ್ಮಿ ಆಗತ್ತೆ, ಗಾಳಿ ಆಡಲ್ಲ. ಡಿಸ್ಕ್ ತಯಾರಕರು ಕೊಡೋ ಮಿತಿ 60 ಡಿಗ್ರಿ ಆಸುಪಾಸು ಅಥವಾ ಸ್ವಲ್ಪ ಮೇಲೆ, ಕಲಬುರಗಿ ರಾಯಚೂರಲ್ಲಿ ಬೇಸಿಗೇಲಿ ಹೊರಗೇ 40 ದಾಟಿರತ್ತೆ, ಅಲ್ಲಿಯವರು ಡಿಸ್ಕಿಗೆ ಎರಡು ಲೀಟರಿನ ಕ್ಯಾಬಿನೆಟ್ ಆಸೆ ಬಿಟ್ಟು ಮೂರು ಮೂರೂವರೆ ಲೀಟರಿನದು ತಗೊಳ್ಳೋದೇ ಸರಿ ಅಂತ ಖಂಡಿತವಾಗಿ ಬರೀತೀನಿ. ಸದ್ದಿನ ವಿಷಯಕ್ಕೆ ಬಂದ್ರೆ, ನಿಮಿಷಕ್ಕೆ 7200 ಸುತ್ತಿನ ಡಿಸ್ಕು ಸೆಕೆಂಡಿಗೆ 120 ಸಲ ತಿರುಗತ್ತೆ, 5400ರದ್ದು 90 ಸಲ, ಆ ಅದುರು ತಗಡಿಗೆ ಹತ್ತಿ ಕ್ಯಾಬಿನೆಟ್ಟೆಲ್ಲ ಗುಂಯ್ ಅನ್ನತ್ತೆ, ತಗಡು ತೆಳ್ಳಗಿದ್ದಷ್ಟೂ ಹೆಚ್ಚು. ಕೈ ಇಟ್ರೆ ಸದ್ದು ನಿಲ್ಲತ್ತೆ, ತೆಗೆದ್ರೆ ಶುರು. ಇದಕ್ಕೆ ‘ಕಂಪನ’ ಅಂತ ಬರೆದ್ರೆ ಪಾಠದ ಪುಸ್ತಕದ ಹಾಗಾಗತ್ತೆ, ನಾನು ‘ಅದುರು’ ಅಂತಲೇ ಇಟ್ಟಿದೀನಿ. ತಡೆಯೋಕೆ ಸ್ಕ್ರೂ ಸುತ್ತ ಹಾಕೋ ರಬ್ಬರ್ ಬಿಲ್ಲೆಗೆ ‘ರಬ್ಬರ್ ವಾಷರ್’ ಸಾಕು.

ಇಂಥ ಸ್ಟೋರೇಜ್ ಸರ್ವರಿಗೆ ಇಂಗ್ಲಿಷಲ್ಲಿ ಹೇಳೋ ‘ನ್ಯಾಸ್’ (NAS, ನೆಟ್‌ವರ್ಕಿಗೆ ಜೋಡಿಸಿದ ಸ್ಟೋರೇಜ್) ಬಗ್ಗೆ ಒಂದು ಸಣ್ಣ ಪ್ರಶ್ನೆ ಉಳೀತು. ಕನ್ನಡದಲ್ಲಿ ನ್ಯಾಸ ಅಂದ್ರೆ ಟ್ರಸ್ಟ್, ನಂಬಿ ಒಪ್ಪಿಸಿದ ಒತ್ತೆ ಅನ್ನೋ ಅರ್ಥವೂ ಇದೆ. ಅರ್ಧಾಕ್ಷರದ ವ್ಯತ್ಯಾಸ ಅಷ್ಟೆ, ಓದುಗರಿಗೆ ಗೊಂದಲ ಆಗತ್ತಾ, ಇಲ್ಲ ‘ಮನೆ ಸರ್ವರ್’ ಅಂತಲೇ ಬರೆದುಬಿಡ್ಲಾ? ಸರ್ವರ್ ಪದ ಅಂತೂ ‘ಸರ್ವರ್ ಡೌನ್’ ಕೇಳಿ ಕೇಳಿ ರೇಷನ್ ಅಂಗಡಿ ಕ್ಯೂನಲ್ಲಿರೋ ಅಜ್ಜಿಗೂ ಗೊತ್ತು.

ಧಾರವಾಡ, ಬೆಳಗಾವಿ ಕಡೆಯೋರು ಮತ್ತೆ ಕರಾವಳಿಯೋರು, ನಿಮ್ಮಲ್ಲಿ ಮೇಜಿನ ಎಳೆಯೋ ಖಾನೆಗೂ ಬೀರುವಿನ ಸುಮ್ಮನೆ ಇರೋ ಖಾನೆಗೂ ಬೇರೆ ಬೇರೆ ಪದ ಇದ್ರೆ ಮೊದಲು ಅದನ್ನ ತಿಳಿಸಿ, ತಳ್ಳುಖಾನೆ ಪದವನ್ನ ಅದರ ಮೇಲೇ ತೀರ್ಮಾನ ಮಾಡ್ತೀನಿ.