ನೆನಪು ಉಳಿಯೋಕೆ ಮೆದುಳಲ್ಲಿ ಪ್ರೋಟೀನ್ ಬೇಕಂತೆ, ಹಾಗಾದ್ರೆ ಪೌಡರ್ ಕುಡಿಸಿದ್ರೆ ಆಗತ್ತಾ?

ತುಂಗಾತೀರದ_ಅಮ್ಮ:
ನಮಸ್ಕಾರ ಎಲ್ರಿಗೂ. ಮಗ ಸೆಕೆಂಡ್ ಪಿಯುಸಿ ಸೈನ್ಸ್. ಟೆಸ್ಟ್ ಹಿಂದಿನ ರಾತ್ರಿ ಎರಡು ಗಂಟೆ ತನಕ ಒಂದೇ ಸಮ ಓದ್ತಾನೆ, ಟೆಸ್ಟೂ ಪರವಾಗಿಲ್ಲ ಅನ್ನೋ ಹಾಗೆ ಬರೀತಾನೆ, ಆದ್ರೆ ಹದಿನೈದು ದಿನ ಬಿಟ್ಟು ಅದೇ ಚಾಪ್ಟರ್ ಕೇಳಿದ್ರೆ ಮುಖ ಮುಖ ನೋಡ್ತಾನೆ. ಮೊನ್ನೆ ಮನೆಗೆ ಬಂದ ನೆಂಟರೊಬ್ರು, ನೆನಪು ಅಂದ್ರೇನೇ ಪ್ರೋಟೀನು, ಮೆದುಳಲ್ಲಿ ಪ್ರೋಟೀನ್ ತಯಾರಾಗದಿದ್ರೆ ಓದಿದ್ದು ನಿಲ್ಲಲ್ಲ, ದಿನಾ ಎರಡು ಚಮಚ ಪೌಡರ್ ಹಾಲಿಗೆ ಹಾಕಿ ಕೊಡು ಅಂದ್ರು. ಡಬ್ಬಿ ರೇಟ್ ನೋಡಿ ಎದೆ ಧಸಕ್ ಅಂತು. ಇನ್ನೊಂದು ಕಡೆ ನಮ್ಮತ್ತೆ, 82 ವರ್ಷ, ಹದಿನೇಳೆಂಟ್ಲ ಅನ್ನೋದೇ ತಡ ನೂರಾಮೂವತ್ತಾರು ಅಂತಾರೆ, ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡ್ರಾ ಅಂದ್ರೆ ನೆನಪಿಲ್ಲ. ಅವ್ರು ಗಂಜಿ ಕುಡಿದು ಬೆಳೆದವ್ರು. ಗೊತ್ತಿರೋರು ದಯವಿಟ್ಟು ಹೇಳಿ.

ಜೀವಶಾಸ್ತ್ರ_ಮೇಷ್ಟ್ರು:
ಅಕ್ಕ, ನೆಂಟರು ಹೇಳಿದ್ದರಲ್ಲಿ ಅರ್ಧ ನಿಜ. ಮೆದುಳಲ್ಲಿ ಹೊಸ ಪ್ರೋಟೀನ್ ತಯಾರಾಗದಿದ್ರೆ ನೆನಪು ಬಹಳ ದಿನ ನಿಲ್ಲಲ್ಲ ಅನ್ನೋದು ಸರಿ. ಆದ್ರೆ ಅದು ನಾವು ತಿಂದ ಪ್ರೋಟೀನ್ ನೇರ ಹೋಗಿ ಕೂರೋದಲ್ಲ. ಬೇಳೆಯಾಗ್ಲಿ ಮೊಟ್ಟೆಯಾಗ್ಲಿ ಪೌಡರಾಗ್ಲಿ, ಹೊಟ್ಟೇಲಿ ಎಲ್ಲಾ ಒಡೆದು ಅಮೈನೋ ಆಸಿಡ್ (ಪ್ರೋಟೀನ್ ಕಟ್ಟೋ ಬಿಡಿ ತುಣುಕು) ಆಗತ್ತೆ, ಅದು ರಕ್ತದಲ್ಲಿ ಹೋಗತ್ತೆ, ಅದ್ರಿಂದ ಯಾವ ಪ್ರೋಟೀನ್ ಯಾವಾಗ ಮಾಡ್ಬೇಕು ಅಂತ ತೀರ್ಮಾನ ಮಾಡೋದು ಆಯಾ ನರಕೋಶ. ಅನ್ನ ಸಾರು ಬೇಳೆ ಮೊಸರು ಸರಿಯಾಗಿ ತಿನ್ನೋ ಹುಡುಗನಿಗೆ ಸಾಮಗ್ರಿಗೇನೂ ಕೊರತೆ ಇರಲ್ಲ, ಬೇಕಿರೋದು "ಈಗ ಮಾಡು" ಅನ್ನೋ ಆರ್ಡರ್.

ಇದು ಗೊತ್ತಾಗಿದ್ದು ಹೇಗೆ ಅಂತ ಹೇಳ್ತೀನಿ, ನಂಗೆ ಬಹಳ ಇಷ್ಟವಾದ ಪ್ರಯೋಗ. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ಯೂನಿವರ್ಸಿಟೀಲಿ ಬರ್ನಾರ್ಡ್ ಅಗ್ರಾನಾಫ್ ಅನ್ನೋರು ಗೋಲ್ಡ್‌ಫಿಶ್‌ಗೆ ಪಾಠ ಕಲಿಸಿದ್ರು. ತೊಟ್ಟಿ ಮಧ್ಯೆ ಒಂದು ತಡೆ, ಈ ಕಡೆ ಲೈಟ್ ಹತ್ತಿದ್ರೆ ಸ್ವಲ್ಪ ಹೊತ್ತಲ್ಲಿ ಶಾಕ್, ಆ ಕಡೆ ದಾಟಿದ್ರೆ ಬಚಾವ್. ಮೀನು ಬೇಗ ಕಲಿಯತ್ತೆ. ಪಾಠ ಮುಗಿದ ತಕ್ಷಣ ಪ್ಯೂರೋಮೈಸಿನ್ ಅನ್ನೋ ಔಷಧ ತಲೆಗೆ ಇಂಜೆಕ್ಟ್ ಮಾಡಿದ್ರೆ (ಅದು ಪ್ರೋಟೀನ್ ತಯಾರಿಕೆ ನಿಲ್ಸತ್ತೆ) ಕೆಲವು ದಿನ ಬಿಟ್ಟು ನೋಡಿದಾಗ ಕಲಿತೇ ಇಲ್ಲ ಅನ್ನೋ ಹಾಗೆ ಇರ್ತಿತ್ತು. ಅದೇ ಔಷಧ ಒಂದು ಗಂಟೆ ತಡವಾಗಿ ಕೊಟ್ರೆ ನೆನಪು ಹಾಗೇ ಇತ್ತು. ಪಾಠಕ್ಕೆ ಮುಂಚೆ ಕೊಟ್ರೂ ಮೀನು ಆ ಹೊತ್ತಿಗೆ ಚೆನ್ನಾಗೇ ಕಲೀತಿತ್ತು, ಆಮೇಲೆ ಉಳೀತಿರ್ಲಿಲ್ಲ ಅಷ್ಟೇ. ಅಂದ್ರೆ ಕಲಿಯೋದಕ್ಕೆ ಹೊಸ ಪ್ರೋಟೀನ್ ಬೇಡ, ಉಳಿಸ್ಕೊಳ್ಳೋದಕ್ಕೆ ಬೇಕು.

ಹಾರೋನೊಣ:
ಮೇಷ್ಟ್ರೇ, ಆ ಆರ್ಡರ್ ಹೇಗೆ ಬರತ್ತೆ ಅನ್ನೋದನ್ನೂ ಹೇಳ್ಬೇಕಿತ್ತು, ಅಕ್ಕನ ಮಗನ ವಿಷಯ ಇರೋದು ಅಲ್ಲೇ. ಬಾಳೆಹಣ್ಣು ಕಳಿತ್ರೆ ಸಣ್ಣ ನೊಣ ಬರತ್ತಲ್ಲ, ಅದಕ್ಕೆ ಒಂದು ವಾಸನೆ ಕೊಟ್ಟು ಶಾಕ್ ಕೊಟ್ರೆ ಆ ವಾಸನೆ ಬಂದಾಗೆಲ್ಲ ದೂರ ಹೋಗತ್ತೆ. 1994ರಲ್ಲಿ ಟಿಮ್ ಟಲ್ಲಿ ತಂಡದವ್ರು ಕೆಲವು ನೊಣಕ್ಕೆ ಬಿಡುವಿಲ್ಲದೆ ಹತ್ತು ಸಲ ಪಾಠ ಮಾಡಿದ್ರು, ಇನ್ನು ಕೆಲವಕ್ಕೆ ಹದಿನೈದು ಹದಿನೈದು ನಿಮಿಷ ಬಿಡುವು ಕೊಟ್ಟು ಅದೇ ಹತ್ತು ಸಲ. ಬಿಡುವು ಸಿಕ್ಕಿದ ನೊಣಗಳಿಗೆ ಒಂದು ವಾರ ಆದ್ರೂ ನೆನಪಿತ್ತು, ಬಿಡುವಿಲ್ಲದೆ ಕಲಿತವು ಅಷ್ಟರಲ್ಲಿ ಮರೆತಿದ್ವು. ಪ್ರೋಟೀನ್ ತಯಾರಿಕೆ ತಡೆಯೋ ಔಷಧ ತಿನ್ಸಿದಾಗ ಏಟು ಬಿದ್ದಿದ್ದು ಬಿಡುವು ಕೊಟ್ಟು ಬಂದ ಆ ಗಟ್ಟಿ ನೆನಪಿಗೆ ಮಾತ್ರ. ಎರಿಕ್ ಕ್ಯಾಂಡೆಲ್ ಸಮುದ್ರದ ಬಸವನಹುಳ ಇಟ್ಕೊಂಡು ಮಾಡಿದ ಕೆಲಸದಲ್ಲೂ (2000ದ ನೊಬೆಲ್ ಬಂತು) ಹೀಗೇ, ಒಂದು ಸಲ ಪ್ರಚೋದನೆ ಕೊಟ್ರೆ ನಿಮಿಷಗಳ ಲೆಕ್ಕ, ಬಿಟ್ಟು ಬಿಟ್ಟು ಐದು ಸಲ ಕೊಟ್ರೆ ಸಂದೇಶ ಕೋಶದ ನ್ಯೂಕ್ಲಿಯಸ್ ತನಕ ಹೋಗಿ ಕ್ರೆಬ್ ಅನ್ನೋ ಪ್ರೋಟೀನ್ ಜೀನ್‌ಗಳನ್ನ ಆನ್ ಮಾಡತ್ತೆ, ಹೊಸ ಪ್ರೋಟೀನ್ ಬರತ್ತೆ, ನರಗಳ ಮಧ್ಯೆ ಹೊಸ ಸಿನಾಪ್ಸ್‌ಗಳೇ (ಜೋಡಣೆಗಳು) ಬೆಳೀತವೆ.

ನಿಮ್ಮತ್ತೆ ಮಗ್ಗಿ ಕಲಿತಿದ್ದು ಒಂದೇ ರಾತ್ರೀಲಿ ಅಲ್ಲ ಅಲ್ವಾ? ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬಾಯಿಪಾಠ, ಮಾರನೇ ದಿನ ಶಾಲೇಲಿ ಮತ್ತೆ, ವರ್ಷಗಟ್ಲೆ.

ತುಂಗಾತೀರದ_ಅಮ್ಮ:
ಅಯ್ಯೋ ಹೌದು, ಒಂದು ತಪ್ಪಿದ್ರೆ ಮೊದಲಿಂದ ಹೇಳಿಸ್ತಿದ್ರಂತೆ. ಆದ್ರೆ ಒಂದು ಅರ್ಥ ಆಗ್ಲಿಲ್ಲ, ಪ್ರೋಟೀನ್ ದೇಹದಲ್ಲಿ ಹಾಳಾಗ್ತಾ ಇರತ್ತೆ ಅಂತ ಮಗನ ಪುಸ್ತಕದಲ್ಲೇ ಇದೆ. ಹಾಗಿದ್ರೆ ಎಪ್ಪತ್ತು ವರ್ಷದ ಹಿಂದಿನ ಮಗ್ಗಿ ಉಳಿದಿದ್ದು ಹೇಗೆ?

ಜೀವಶಾಸ್ತ್ರ_ಮೇಷ್ಟ್ರು:
ಅಕ್ಕ, ಇದೇ ಪ್ರಶ್ನೆ 1984ರಲ್ಲಿ ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಕೇಳಿದ್ರು! ಮೆದುಳಿನ ಹೆಚ್ಚಿನ ಪ್ರೋಟೀನುಗಳ ಆಯಸ್ಸು ಕೆಲವು ದಿನದಿಂದ ಕೆಲವು ವಾರ. ನಿಮ್ಮ ಕಡೆ ಅಡಿಕೆ ಸೋಗೆ ಹೊದೆಸಿದ ಮಾಡು ಇರ್ತಿತ್ತಲ್ಲ, ಮಳೆಗಾಲಕ್ಕೆ ಮುಂಚೆ ಹಳೇ ಸೋಗೆ ತೆಗೆದು ಹೊಸದು ಹೊದೆಸ್ತಾರೆ, ಸೋಗೆ ಹೊಸದು, ಮಾಡಿನ ಆಕಾರ ಅದೇ. ಹಾಗೆ ಒಂದು ಪ್ರೋಟೀನ್ ಹೋದ್ರೆ ಅದೇ ಜಾಗಕ್ಕೆ ಇನ್ನೊಂದು ಬಂದು ಕೂರತ್ತೆ. ಸರಿಯಾದ ಸಿನಾಪ್ಸಿಗೇ ಬರೋದು ಹೇಗೆ ಅನ್ನೋದಕ್ಕೆ 2024ರಲ್ಲಿ ಒಂದು ಉತ್ತರ ಬಂತು: ಕಿಬ್ರಾ ಅನ್ನೋ ಪ್ರೋಟೀನ್ ಅಂಟಿನ ಹಾಗೆ ಅಲ್ಲಿ ಕೂತು ಸಿನಾಪ್ಸ್ ಗಟ್ಟಿಯಾಗಿಡೋ ಪಿಕೆಎಮ್-ಝೀಟಾ ಅನ್ನೋ ಇನ್ನೊಂದು ಪ್ರೋಟೀನನ್ನ ಹಿಡ್ಕೊಳ್ಳತ್ತೆ, ಇಲಿಗಳಲ್ಲಿ ಆ ಹಿಡಿತ ಬಿಡಿಸಿದ್ರೆ ಹಳೇ ನೆನಪೂ ಹೋಯ್ತು.

ಸಂಶಯವಾದಿ:
ಒಂದು ಎಚ್ಚರಿಕೆ ಹೇಳ್ತೀನಿ. ಪಿಕೆಎಮ್-ಝೀಟಾ ಜೀನನ್ನೇ ತೆಗೆದ ಇಲಿಗಳೂ ನೆನಪಿಟ್ಕೊಳ್ತವೆ ಅಂತ 2013ರಲ್ಲೇ ಬಂದಿತ್ತು, ಅಲ್ಲಿ ಅದರ ದಾಯಾದಿ ಪ್ರೋಟೀನೊಂದು ಕೆಲಸ ವಹಿಸ್ಕೊಳ್ಳತ್ತೆ ಅಂತ ಆಮೇಲೆ ತೋರಿಸಿದ್ರು. ಮೇಲೆ ಹೇಳಿದ ಪ್ರೋಟೀನ್ ತಡೆಯೋ ಔಷಧಗಳೂ ಪ್ರೋಟೀನ್ ಒಂದನ್ನೇ ಅಲ್ಲ, ಕೋಶದ ಬೇರೆ ಕೆಲಸಗಳನ್ನೂ ಏರುಪೇರು ಮಾಡ್ತವೆ, ಅದರ ಬಗ್ಗೆ ಇನ್ನೂ ವಾದ ಇದೆ. ಅಕ್ಕ, ನಿಮ್ಮತ್ತೆ ಮಾತ್ರೆ ಮರೆಯೋ ವಿಷಯ ಬೇರೆ. ಹೊಸ ನೆನಪು ಕಟ್ಟೋ ಹಿಪೊಕ್ಯಾಂಪಸ್ ಅನ್ನೋದು ವಯಸ್ಸಾದಾಗ ಬೇಗ ಸೋಲೋ ಮೆದುಳಿನ ಭಾಗಗಳಲ್ಲಿ ಒಂದು, ಹಳೇದು ಆಗ್ಲೇ ಬೇರೆ ಕಡೆ ಹರಡಿರತ್ತೆ. ಮರೆವು ಹೆಚ್ಚಾಗ್ತಿದ್ರೆ ಒಂದ್ಸಲ ಡಾಕ್ಟರಿಗೆ ತೋರಿಸಿ, ಅಲ್ಲೀ ತನಕ ವಾರದ ಮಾತ್ರೆ ಡಬ್ಬಿ ತಂದು ನೀವೇ ತುಂಬಿಡಿ, ಎರಡೆರಡು ಸಲ ನುಂಗಿಬಿಟ್ರೆ ಕಷ್ಟ.

ತುಂಗಾತೀರದ_ಅಮ್ಮ:
ಎಲ್ರಿಗೂ ಧನ್ಯವಾದ. ಪೌಡರ್ ತರ್ಲಿಲ್ಲ. ಅತ್ತೆಗೆ ಮಾತ್ರೆ ಡಬ್ಬಿ ಇವತ್ತೇ ತರ್ತೀನಿ. ಮಗನಿಗೆ ನೊಣದ ಕಥೆ ಹೇಳ್ದೆ, ಇವತ್ತು ಓದಿದ್ದನ್ನ ನಾಳೆ, ಆಮೇಲೆ ಭಾನುವಾರ ಮತ್ತೆ ಅಜ್ಜಿ ಎದುರು ಪುಸ್ತಕ ಮುಚ್ಚಿ ಹೇಳ್ಬೇಕು ಅಂತ ಒಪ್ಕೊಂಡಿದಾನೆ, ರಾತ್ರಿ ಹನ್ನೊಂದಕ್ಕೆ ಲೈಟ್ ಆಫ್.